ಮೂಳೆ ಶಿಖೆ ನೋಡಿ ಹಕ್ಕಿಯ ವಯಸ್ಸು ಹೇಳಬಹುದು, ಗಂಡೋ ಹೆಣ್ಣೋ ಹೇಳುವುದು ಬೇರೆ ಮಾತು

ಪ್ರಶ್ನೆ: ಮೃಗಾಲಯದಲ್ಲಿ ಎರಡು ಕ್ಯಾಸೊವರಿಗಳನ್ನು (ಎಮುವಿನಂಥ, ಹಾರಲಾರದ ದೊಡ್ಡ ಹಕ್ಕಿ) ನೋಡಿದೆ. ಒಂದರ ತಲೆ ಮೇಲೆ ದೊಡ್ಡ ಶಿಖೆ ಇತ್ತು, ಇನ್ನೊಂದಕ್ಕೆ ಚಿಕ್ಕದು. ದೊಡ್ಡ ಶಿಖೆಯದು ಗಂಡು ಅಂತ ಪಕ್ಕದಲ್ಲಿದ್ದವರು ಹೇಳಿದರು. ಇದು ನಿಜವಾ? ನಾನು ಕೆಲವು ಗಿನಿಕೋಳಿ ಸಾಕಿದ್ದೇನೆ. ಅವುಗಳ ತಲೆ ಮೇಲಿನ ಮೂಳೆಯೂ ಒಂದೊಂದಕ್ಕೆ ಒಂದೊಂದು ಥರ ಇದೆ. ಅದನ್ನು ನೋಡಿ ಗಂಡು ಹೆಣ್ಣು ಬೇರೆ ಮಾಡಬಹುದಾ? ಮರಿಗಳಿಗೆ ಅದು ಇರುವುದೇ ಇಲ್ಲವಲ್ಲ, ಯಾಕೆ?

ಉತ್ತರ: ನೀವು ನೋಡಿದ ದೊಡ್ಡ ಶಿಖೆಯ ಕ್ಯಾಸೊವರಿ ಹೆಣ್ಣಾಗಿರುವ ಸಾಧ್ಯತೆಯೇ ಜಾಸ್ತಿ. ಅಥವಾ ಅದು ಇನ್ನೊಂದಕ್ಕಿಂತ ವಯಸ್ಸಿನಲ್ಲಿ ದೊಡ್ಡದಿರಬಹುದು. ಎರಡೂ ನಿಜವಿರಬಹುದು. ದೊಡ್ಡ ಶಿಖೆ ಕಂಡ ತಕ್ಷಣ ಗಂಡು ಅನ್ನುವ ಅಭ್ಯಾಸ ನಮಗೆ ಹುಂಜದಿಂದ, ನವಿಲಿನಿಂದ ಬಂದದ್ದು. ಮೂಳೆಯ ಶಿಖೆ ಇರುವ ಹಕ್ಕಿಗಳಲ್ಲಿ ಅದು ಎಲ್ಲ ಕಡೆ ನಡೆಯುವುದಿಲ್ಲ. ಶಿಖೆ ಮೊದಲು ಹೇಳುವುದು ವಯಸ್ಸನ್ನು. ಗಂಡು ಹೆಣ್ಣಿನ ವಿಷಯದಲ್ಲಿ ಅದು ಕೆಲವು ಜಾತಿಗಳಲ್ಲಿ ಚೆನ್ನಾಗಿ ಹೇಳುತ್ತದೆ, ಕೆಲವು ಕಡೆ ಅರ್ಧಂಬರ್ಧ, ಇನ್ನು ಕೆಲವು ಕಡೆ ಏನೂ ಹೇಳುವುದಿಲ್ಲ.

ಅದಕ್ಕೂ ಮೊದಲು ನೋಡಬೇಕಾದದ್ದು, ತಲೆ ಮೇಲಿರುವುದು ನಿಜಕ್ಕೂ ಮೂಳೆಯೇ ಅಂತ. ಹುಂಜದ ಜುಟ್ಟು ಬರೀ ಮಾಂಸ ಮತ್ತು ರಕ್ತ. 1849ರಲ್ಲಿ ಜರ್ಮನಿಯ ಬೆರ್ಟೋಲ್ಡ್ ಎಂಬ ವಿಜ್ಞಾನಿ ಎಳೆ ಹುಂಜಗಳ ವೃಷಣ ತೆಗೆದು ನೋಡಿದ. ಜುಟ್ಟು ಬೆಳೆಯಲಿಲ್ಲ. ತೆಗೆದ ವೃಷಣವನ್ನು ಅವುಗಳ ಹೊಟ್ಟೆಯೊಳಗೇ ಮತ್ತೆ ನೆಟ್ಟಾಗ ಜುಟ್ಟು ಮಾಮೂಲಿಯಂತೆ ಬೆಳೆಯಿತು. ಅಂದರೆ ಮಾಂಸದ ಜುಟ್ಟು ಹಾರ್ಮೋನಿನ ಏರಿಳಿತದ ಜೊತೆಗೇ ಏರುತ್ತದೆ, ಇಳಿಯುತ್ತದೆ. ನಕ್ತಾ ಬಾತಿನ ಗಂಡಿಗೆ ಕೊಕ್ಕಿನ ಮೇಲೆ ಬರುವ ಗುಬುಟು ಕೂಡ ಮಾಂಸದ್ದೇ. ಮೊಟ್ಟೆಯಿಡುವ ಕಾಲದಲ್ಲಿ ಉಬ್ಬುತ್ತದೆ, ಆಮೇಲೆ ಕುಗ್ಗುತ್ತದೆ. ಅಮೆರಿಕದ ಬಿಳಿ ಪೆಲಿಕನ್‌ಗಳ ಕೊಕ್ಕಿನ ಮೇಲೆ ಆ ಕಾಲದಲ್ಲಿ ಒಂದು ಕೊಂಬಿನಂಥದ್ದು ಏಳುತ್ತದೆ. ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಮೊಟ್ಟೆಯಿಟ್ಟ ಮೇಲೆ ಅದು ಉದುರಿಹೋಗುತ್ತದೆ. ಅದು ಕೆರಟಿನ್, ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ. ದಕ್ಷಿಣ ಅಮೆರಿಕದ ಕೊಂಬಿನ ಸ್ಕ್ರೀಮರ್ ಹಕ್ಕಿಯ ಹಣೆಯ ಮೇಲಿನ ಉದ್ದ ಮುಳ್ಳು ಕೂಡ ಮೂಳೆಯಲ್ಲ. ತಲೆಬುರುಡೆಗೆ ಅದು ಗಟ್ಟಿಯಾಗಿ ಅಂಟಿರುವುದೇ ಇಲ್ಲ, ಅಲ್ಲಾಡುತ್ತದೆ, ತುದಿ ಮುರಿಯುತ್ತದೆ, ಮತ್ತೆ ಬೆಳೆಯುತ್ತದೆ.

ಮೂಳೆಯ ಶಿಖೆಗೆ ಈ ಸೌಲಭ್ಯ ಇಲ್ಲ. ಅದು ತಲೆಬುರುಡೆಯ ಭಾಗ. ಕಾಲಕ್ಕೆ ತಕ್ಕಂತೆ ಹಾಕಿ ತೆಗೆಯಲು ಆಗುವುದಿಲ್ಲ. ಒಮ್ಮೆ ಬೆಳೆದರೆ ಜೀವನಪೂರ್ತಿ ಹೊರಬೇಕು. ಅದಕ್ಕೇ ಮಾಂಸದ ಜುಟ್ಟು ಹಕ್ಕಿಯ ಈ ಹೊತ್ತಿನ ಸ್ಥಿತಿ ಹೇಳಿದರೆ, ಮೂಳೆಯ ಶಿಖೆ ಇಷ್ಟು ವರ್ಷ ಆಗಿದೆ ಅನ್ನುವುದನ್ನು ಹೇಳುತ್ತದೆ.

ಇದರ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದನದ ಕೊಂಬಿನಲ್ಲಿ ಒಳಗೆ ಮೂಳೆಯ ತಿರುಳು, ಹೊರಗೆ ಕೆರಟಿನ್ ಕವಚ ಇರುತ್ತದಲ್ಲ, ಬಹಳಷ್ಟು ಹಕ್ಕಿಗಳ ಶಿಖೆಯೂ ಅದೇ ಲೆಕ್ಕ. ಆದರೆ ಒಳಗಿನ ಮೂಳೆ ಅಷ್ಟು ಗಟ್ಟಿಯಲ್ಲ. ದೊಡ್ಡ ಮಂಗಟ್ಟೆಯ (ಗ್ರೇಟ್ ಹಾರ್ನ್‌ಬಿಲ್) ಕೊಕ್ಕಿನ ಮೇಲಿನ ಶಿಖೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಬಹುಪಾಲು ಗಾಳಿ. ಅಲ್ಲಲ್ಲಿ ಎಳೆ ಎಳೆಯಾಗಿ ಮೂಳೆಯ ಕಡ್ಡಿಗಳು ಅಡ್ಡ ಉದ್ದ ಹಾದುಹೋಗಿರುತ್ತವೆ. ಮೇಲಿನ ಹಳದಿ ಕವಚ ತೆಳು. ಹೊರಗಿನಿಂದ ಭಾರಿ ತೂಕದ್ದು ಅನ್ನಿಸುವ ಆ ಶಿಖೆಯನ್ನು ಕೈಯಲ್ಲಿ ಹಿಡಿದರೆ ಇಷ್ಟೇನಾ ಅನ್ನಿಸುತ್ತದೆ. ಆ ಹಳದಿ ಬಣ್ಣವೂ ಪೂರ್ತಿ ಅದರ ಸ್ವಂತದ್ದಲ್ಲ. ಹಕ್ಕಿ ಬಾಲದ ಬುಡದ ಎಣ್ಣೆ ಗ್ರಂಥಿಗೆ ಕೊಕ್ಕು ಮತ್ತು ಶಿಖೆಯನ್ನು ಉಜ್ಜಿ ಉಜ್ಜಿ ಬಣ್ಣ ಹಚ್ಚಿಕೊಳ್ಳುತ್ತದೆ.

ಇದಕ್ಕೆ ದೊಡ್ಡ ಅಪವಾದ ಆಗ್ನೇಯ ಏಷ್ಯಾದ ಹೆಲ್ಮೆಟೆಡ್ ಹಾರ್ನ್‌ಬಿಲ್. ಇದೂ ಮಂಗಟ್ಟೆ ಕುಟುಂಬದ್ದೇ. ಇದರ ಶಿಖೆಯ ಮುಂಭಾಗ ಒಂದು ಗಟ್ಟಿ ಕೆರಟಿನ್ ಉಂಡೆ. ಅದರ ಬೆನ್ನಿಗೆ ಮೂಳೆಯ ಕಂಬಗಳು ಆನಿಸಿ ನಿಂತಿರುತ್ತವೆ. ತಲೆಬುರುಡೆ ಮತ್ತು ಶಿಖೆ ಸೇರಿ ಹಕ್ಕಿಯ ತೂಕದ ಸುಮಾರು ಹತ್ತನೇ ಒಂದು ಭಾಗ ಆಗುತ್ತದೆ. ಗಂಡುಗಳು ಹಾರುತ್ತಲೇ ಎದುರುಬದುರು ಬಂದು ಶಿಖೆಗೆ ಶಿಖೆ ಗುದ್ದುತ್ತವೆ. ಆ ಗಟ್ಟಿ ಭಾಗವನ್ನು ದಂತದಂತೆ ಕೆತ್ತಲು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಈ ಹಕ್ಕಿಯನ್ನು ಕೊಂದು ಕೊಂದು, ಈಗ ಅದು ಅಳಿವಿನ ಅಂಚಿಗೆ ಬಂದು ನಿಂತಿದೆ. ಈ ಮಾತು ನಿಮ್ಮ ಪ್ರಶ್ನೆಗೆ ಸೇರಿದ್ದಲ್ಲ. ಆದರೂ ಶಿಖೆಯ ಬಗ್ಗೆ ಬರೆಯುವಾಗ ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಈಗ ಮರಿಗಳ ವಿಷಯ. ಮಂಗಟ್ಟೆ ಮರಿ ಹುಟ್ಟುವಾಗ ಮೈಮೇಲೆ ಪುಕ್ಕವೂ ಇಲ್ಲ, ಕೊಕ್ಕಿನ ಮೇಲೆ ಶಿಖೆಯೂ ಇಲ್ಲ. ಪೊಟರೆ ಬಿಟ್ಟು ಹೊರಗೆ ಹಾರುವ ಹೊತ್ತಿಗೂ ಕೊಕ್ಕಿನ ಮೇಲ್ಭಾಗ ನುಣುಪಾಗಿಯೇ ಇರುತ್ತದೆ. ದೊಡ್ಡ ಮಂಗಟ್ಟೆಯಲ್ಲಿ ಶಿಖೆ ಪೂರ್ತಿ ರೂಪ ಪಡೆಯಲು ಸುಮಾರು 5 ವರ್ಷ ಬೇಕು. ಕ್ಯಾಸೊವರಿ ಮರಿ ಕಂದು ಮೈ ಮೇಲೆ ಪಟ್ಟೆ ಪಟ್ಟೆಯಾಗಿ ಹುಟ್ಟುತ್ತದೆ, ತಲೆ ಚಪ್ಪಟೆ. ಪಟ್ಟೆ ಮಾಯವಾಗಿ ಮೈಯೆಲ್ಲ ಕಂದಾಗುತ್ತದೆ, ನಿಧಾನಕ್ಕೆ ಕತ್ತಿನ ಬಣ್ಣ ಬರುತ್ತದೆ, ತಲೆ ಮೇಲೆ ಸಣ್ಣ ದಿಬ್ಬ ಏಳುತ್ತದೆ. ದೊಡ್ಡವುಗಳ ಕಪ್ಪು ಪುಕ್ಕ ಬರಲು 3-4 ವರ್ಷ. ಶಿಖೆ ಅದರ ಜೊತೆ ಜೊತೆಗೆ ಏರುತ್ತದೆ. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಮಾಲಿಯೊ ಹಕ್ಕಿಯ ಮರಿ ಬಿಸಿ ಮರಳಿನ ಒಳಗೆ ಮೊಟ್ಟೆಯೊಡೆದು, ಯಾರ ಸಹಾಯವೂ ಇಲ್ಲದೆ ಮರಳು ಅಗೆದು ಮೇಲೆ ಬಂದು, ಅವತ್ತೇ ಹಾರಬಲ್ಲದು. ಅಷ್ಟು ಬಲಿತು ಹುಟ್ಟುವ ಮರಿಗೂ ತಲೆ ಮೇಲೆ ದೊಡ್ಡವುಗಳ ಕಪ್ಪು ಮೂಳೆಗುಬುಟು ಇರುವುದಿಲ್ಲ.

ಯಾಕೆ ಇಷ್ಟು ತಡ? ತಿನ್ನಲು, ಓಡಲು, ಹಾರಲು ಬೇಕಾದ ಮೂಳೆಗಳು ಬೇಗ ಬೆಳೆಯುತ್ತವೆ. ಶಿಖೆ ಆ ಗುಂಪಿನದಲ್ಲ. ಅದರ ಮುಖ್ಯ ಕೆಲಸ ತನ್ನದೇ ಜಾತಿಯ ಇತರ ಹಕ್ಕಿಗಳಿಗೆ ಏನೋ ತೋರಿಸುವುದು. ನಾನು ಬಲಿತಿದ್ದೇನೆ, ಜೋಡಿಗೆ ಸಿದ್ಧ, ಈ ಜಾಗ ನನ್ನದು ಅನ್ನುವ ಸುದ್ದಿ. ಮರಿಗೆ ಆ ಸುದ್ದಿ ಕೊಡುವುದರಿಂದ ಲಾಭ ಇಲ್ಲ, ನಷ್ಟವೇ ಇದೆ. ದೊಡ್ಡವುಗಳ ಗುರುತು ಹೊತ್ತ ಮರಿಯನ್ನು ದೊಡ್ಡವು ಎದುರಾಳಿ ಅಂದುಕೊಂಡು ಓಡಿಸಬಹುದು. ಹಾಗಾಗಿ ಶಿಖೆಯ ಬೆಳವಣಿಗೆ ಮೈ ಬೆಳವಣಿಗೆಗಿಂತ ಹಿಂದೆ ಬಿದ್ದಿರುತ್ತದೆ, ಪ್ರಾಯ ಹತ್ತಿರವಾದಾಗ ಓಡುತ್ತದೆ.

ಒಂದು ವಿಚಿತ್ರ ಅಪವಾದ ಸಾಕುಕೋಳಿಯಲ್ಲಿದೆ. ಪೋಲಿಷ್ ಅನ್ನುವ ತಳಿಯ ತಲೆ ಮೇಲೆ ಚೆಂಡಿನಂಥ ಪುಕ್ಕದ ಜುಟ್ಟು ಇರುತ್ತದೆ. ಆ ಪುಕ್ಕದ ಕೆಳಗೆ ತಲೆಬುರುಡೆಯೇ ಗೋಳಾಕಾರವಾಗಿ ಉಬ್ಬಿರುತ್ತದೆ, ಆ ಉಬ್ಬಿನಲ್ಲಿ ತೂತುಗಳೂ ಇರುತ್ತವೆ. ಡಾರ್ವಿನ್ 1868ರ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಈ ಉಬ್ಬು ಹುಟ್ಟಿದ ದಿನವೇ ಇರುತ್ತದೆ. ಸಾಕುವವರು ಒಂದು ದಿನದ ಮರಿಯ ತಲೆ ಮುಟ್ಟಿ ಜುಟ್ಟು ಹೇಗೆ ಬರಬಹುದು ಅಂತ ಅಂದಾಜು ಮಾಡುತ್ತಾರೆ. ಆದರೆ ಇದು ಮನುಷ್ಯ ಆರಿಸಿ ಆರಿಸಿ ಬೆಳೆಸಿದ ಗುಣ. ಕಾಡಿನಲ್ಲಿ ಪ್ರಾಯಕ್ಕೆ ಬಂದಾಗ ಬೆಳೆಯುವ ಶಿಖೆಗೂ ಇದಕ್ಕೂ ಸಂಬಂಧ ಇಲ್ಲ. ಇಂಥ ಕೋಳಿಗಳ ತಲೆಗೆ ಪೆಟ್ಟಾದರೆ ಬೇರೆ ಕೋಳಿಗಳಿಗಿಂತ ಅಪಾಯ ಜಾಸ್ತಿ. ಸಾಕುವವರು ಇದನ್ನು ನೆನಪಿಡಬೇಕು.

ಶಿಖೆ ಪೂರ್ತಿ ಬೆಳೆದ ಮೇಲೆ ವಯಸ್ಸು ಹೇಳುವುದು ಕಷ್ಟ. ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಅಂತ ಎಳೆಯ ಹಕ್ಕಿಯಲ್ಲಿ ಅಂದಾಜು ಮಾಡಬಹುದು. ಹತ್ತು ವರ್ಷದ್ದೋ ಇಪ್ಪತ್ತರದ್ದೋ ಅಂದರೆ ಶಿಖೆ ಉತ್ತರ ಕೊಡುವುದಿಲ್ಲ. ರೀತೆಡ್ ಹಾರ್ನ್‌ಬಿಲ್ ಮತ್ತು ಅದರ ಹತ್ತಿರದ ಜಾತಿಗಳಲ್ಲಿ ಶಿಖೆಯ ಮೇಲೆ ಮಡಿಕೆ ಮಡಿಕೆಯಾಗಿ ಏಣುಗಳು ಇರುತ್ತವೆ. ವರ್ಷಕ್ಕೊಂದು ಏಣು ಬರುತ್ತದೆ, ಎಣಿಸಿದರೆ ವಯಸ್ಸು ಸಿಗುತ್ತದೆ ಅನ್ನುವ ನಂಬಿಕೆ ಹಳೆಯದು. ಎಳೆಯ ಹಕ್ಕಿಗಳಲ್ಲಿ ಏಣು ಕಡಿಮೆ, ವಯಸ್ಸಾದಂತೆ ಜಾಸ್ತಿ ಆಗುವುದು ನಿಜ. ಆದರೆ ಹಿಂದೆ ಹೊಸ ಏಣು ಬರುತ್ತಿದ್ದಂತೆ ಮುಂದಿನ ಹಳೆಯದು ಸವೆದು ಉದುರುತ್ತದೆ. ಹಾಗಾಗಿ ಎಣಿಕೆ ಒಂದು ಹಂತದ ಮೇಲೆ ನಿಂತುಬಿಡುತ್ತದೆ.

ಗಂಡು ಹೆಣ್ಣಿನ ವಿಷಯಕ್ಕೆ ಬರೋಣ. ಇಲ್ಲಿ ಜಾತಿ ಜಾತಿಗೂ ಕಥೆ ಬೇರೆ.

ಎದ್ದು ಕಾಣುವ ವ್ಯತ್ಯಾಸ ಬೇಕಾದರೆ ಆಫ್ರಿಕಾದ ಮಂಗಟ್ಟೆಗಳನ್ನು ನೋಡಿ. ಟ್ರಂಪೆಟರ್ ಹಾರ್ನ್‌ಬಿಲ್, ಸಿಲ್ವರಿ ಚೀಕ್ಡ್ ಹಾರ್ನ್‌ಬಿಲ್, ಕಪ್ಪು ಶಿಖೆಯ ಹಾರ್ನ್‌ಬಿಲ್ ಇವುಗಳಲ್ಲಿ ಗಂಡಿನ ಶಿಖೆ ಭಾರಿ, ಹೆಣ್ಣಿನದು ಚಿಕ್ಕದು. ದೂರದಿಂದಲೇ ಗೊತ್ತಾಗುತ್ತದೆ. ಆದರೆ ಇಲ್ಲೇ ಒಂದು ಬಲೆ ಇದೆ. ಎಳೆಯ ಗಂಡಿನ ಶಿಖೆಯೂ ಚಿಕ್ಕದೇ! ಕಪ್ಪು ಶಿಖೆಯ ಹಾರ್ನ್‌ಬಿಲ್‌ನಲ್ಲಿ ಹೆಣ್ಣಿನ ತಲೆ ಕಂದು, ಗಂಡಿನದು ಕಪ್ಪು. ಎಳೆಯವು ಗಂಡಾಗಲಿ ಹೆಣ್ಣಾಗಲಿ ಕಂದು ತಲೆಯವೇ. ಹಾಗಾಗಿ ಎಳೆಯ ಗಂಡನ್ನು ಹೆಣ್ಣು ಅಂದುಕೊಳ್ಳುವುದು ಬಹಳ ಸುಲಭ. ರೀತೆಡ್ ಹಾರ್ನ್‌ಬಿಲ್ ಗುಂಪಿನಲ್ಲಿ ಇದು ತಲೆಕೆಳಗು. ಅಲ್ಲಿ ಎಳೆಯವೆಲ್ಲ ಪುಕ್ಕದ ಬಣ್ಣದಲ್ಲಿ ಗಂಡಿನ ಥರ ಕಾಣುತ್ತವೆ. ಚಿಕ್ಕ ಶಿಖೆ ಕಂಡಾಗ ಮೊದಲು ಇದು ಎಳೆಯದಾ ಅಂತ ಕೇಳಿ, ಆಮೇಲೆ ಗಂಡಾ ಹೆಣ್ಣಾ ಅಂತ ಕೇಳಿ ಅನ್ನುವುದು ಇದಕ್ಕೇ.

ದೊಡ್ಡ ಮಂಗಟ್ಟೆಯಲ್ಲಿ ಎರಡಕ್ಕೂ ದೊಡ್ಡ ಶಿಖೆಯೇ. ಗಂಡಿನದು ಸ್ವಲ್ಪ ದೊಡ್ಡದು, ಆದರೆ ಗಾತ್ರ ನೋಡಿ ತೀರ್ಮಾನ ಮಾಡಬೇಡಿ. ಬಣ್ಣ ನೋಡಿ. ಗಂಡಿನ ಶಿಖೆಯ ಮುಂದೆ ಕೆಳಭಾಗದಲ್ಲಿ ಮತ್ತು ಹಿಂದೆ ಕಪ್ಪು ಇರುತ್ತದೆ, ಕಣ್ಣು ಕೆಂಪು. ಹೆಣ್ಣಿನ ಶಿಖೆಯ ಹಿಂಭಾಗ ಕೆಂಪು ಛಾಯೆಯದು, ಕಣ್ಣು ನೀಲಿ ಬೆರೆತ ಬಿಳಿ. ಒಳ್ಳೆಯ ಬೈನಾಕ್ಯುಲರ್ ಇದ್ದರೆ ಮರದ ತುದಿಯಲ್ಲಿ ಕೂತ ಹಕ್ಕಿಯಲ್ಲೂ ಇದು ಕಾಣುತ್ತದೆ. ಮಾಲಿಯೊದಲ್ಲಂತೂ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ, ಶಿಖೆ ನೋಡಿ ಹೇಳಲು ಹೋಗುವುದು ಸುಮ್ನೆ ಶ್ರಮ.

ಇನ್ನು ನಿಮ್ಮ ಕ್ಯಾಸೊವರಿ. ಇಲ್ಲಿ ಸಂಸಾರದ ಲೆಕ್ಕವೇ ಬೇರೆ. ಹೆಣ್ಣು ದೊಡ್ಡದು, ಜೋರಿನದು. ಹೆಣ್ಣಿನ ತೂಕ 60 ಕಿಲೊ ದಾಟಬಹುದು, ಗಂಡು ಸಾಮಾನ್ಯವಾಗಿ ಅದರ ಅರ್ಧದಷ್ಟು, 30-35 ಕಿಲೊ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ. ಗಂಡು ಸುಮಾರು 50 ದಿನ ಕಾವು ಕೂತು, ಆಮೇಲೆ ತಿಂಗಳುಗಟ್ಟಲೆ ಮರಿಗಳನ್ನು ನೋಡಿಕೊಳ್ಳುತ್ತದೆ. ಮೈ ದೊಡ್ಡದಿದ್ದಂತೆ ಹೆಣ್ಣಿನ ಶಿಖೆಯೂ ಸರಾಸರಿಯಲ್ಲಿ ದೊಡ್ಡದು. ಸರಾಸರಿಯಲ್ಲಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ದೊಡ್ಡ ಶಿಖೆಯ ಗಂಡುಗಳೂ ಇವೆ, ಚಿಕ್ಕ ಶಿಖೆಯ ಹೆಣ್ಣುಗಳೂ ಇವೆ. ಎರಡಕ್ಕೂ ಶಿಖೆ ಇರುವುದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಆರಿಸಿಕೊಳ್ಳುತ್ತಾರೆ ಅನ್ನುವುದು. ಗಂಡು ಮಾತ್ರ ಮೆರೆಯಬೇಕು ಅಂತ ನಿಯಮ ಏನೂ ಇಲ್ಲವಲ್ಲ. ಶಿಖೆಗೆ ಬೇರೆ ಕೆಲಸಗಳೂ ಇರಬಹುದು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಾಖ ತೋರಿಸುವ ಕ್ಯಾಮೆರಾದಿಂದ ಕ್ಯಾಸೊವರಿಗಳನ್ನು ನೋಡಿದರು. ಸೆಕೆ ಇದ್ದಾಗ ಶಿಖೆಯಿಂದ ಶಾಖ ಹೊರಗೆ ಹೋಗುತ್ತಿತ್ತು, ಚಳಿಯಲ್ಲಿ ಅದು ತಡೆ ಹಿಡಿಯುತ್ತಿತ್ತು. ಆದರೆ ಶಾಖ ಕಳೆಯುವುದು ಒಂದೇ ಕಾರಣವಾಗಿದ್ದರೆ ಮರಿಗೂ ಶಿಖೆ ಬೇಕಿತ್ತು ಅಲ್ವಾ? ಪ್ರಾಯಕ್ಕೆ ಬರುವ ತನಕ ಅದು ಕಾಯುವುದು ನೋಡಿದರೆ, ತೋರಿಸಿಕೊಳ್ಳುವುದೇ ಮುಖ್ಯ ಕೆಲಸ ಅಂತ ನನ್ನ ಅಭಿಪ್ರಾಯ.

ಕ್ಯಾಸೊವರಿ ಶಿಖೆಯ ಆಕಾರವೂ ಒಂದೇ ಥರ ಇರುವುದಿಲ್ಲ. ಕೆಲವದು ನೆಟ್ಟಗೆ, ಕೆಲವದು ಒಂದು ಪಕ್ಕಕ್ಕೆ ವಾಲಿರುತ್ತದೆ, ಕೆಲವದು ಪೆಟ್ಟು ತಿಂದು ಅಂಕುಡೊಂಕಾಗಿರುತ್ತದೆ. ಇದು ದೊಡ್ಡ ದೊಡ್ಡವರನ್ನೇ ದಾರಿ ತಪ್ಪಿಸಿದೆ. 1900ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವಾಲ್ಟರ್ ರಾತ್‌ಸ್ಚೈಲ್ಡ್ ಕ್ಯಾಸೊವರಿಗಳ ಮೇಲೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಶಿಖೆಯ ಆಕಾರ, ಕತ್ತಿನ ಬಣ್ಣ, ಕತ್ತಿನಿಂದ ಇಳಿಬಿದ್ದ ಮಾಂಸದ ಜೋಲುಗಳ ವ್ಯತ್ಯಾಸ ನೋಡಿ ಆ ಕಾಲದಲ್ಲಿ ಒಂದರ ಮೇಲೊಂದು ಹೊಸ ಜಾತಿ, ಉಪಜಾತಿಗಳಿಗೆ ಹೆಸರಿಟ್ಟಿದ್ದರು. ಇವತ್ತು ನಾವು ಒಪ್ಪುವುದು ಬರೀ 3 ಜಾತಿ. ಉಳಿದ ವ್ಯತ್ಯಾಸಗಳಲ್ಲಿ ಬಹಳಷ್ಟು ವಯಸ್ಸಿನದು, ಒಂದೊಂದು ಹಕ್ಕಿಯ ಸ್ವಂತದ್ದು.

ಡೈನೋಸಾರ್‌ಗಳಲ್ಲೂ ಇದೇ ಆಯಿತು. ತಲೆ ಮೇಲೆ ಮೂಳೆ ಶಿಖೆ ಇದ್ದ ಕೊರಿಥೊಸಾರಸ್, ಲ್ಯಾಂಬಿಯೊಸಾರಸ್ ಗುಂಪಿನಲ್ಲಿ ಶಿಖೆಯ ಅಳತೆಗೊಂದು ಹೆಸರು ಕೊಟ್ಟಿದ್ದರು. ಪಳೆಯುಳಿಕೆ ವಿಜ್ಞಾನಿ ಪೀಟರ್ ಡಾಡ್ಸನ್ 1975ರಲ್ಲಿ ತಲೆಬುರುಡೆಗಳನ್ನೆಲ್ಲ ಅಳೆದು ನೋಡಿ, ಪ್ರೊಕೆನಿಯೊಸಾರಸ್ ಅಂತ ಕರೆಯುತ್ತಿದ್ದ ಚಿಕ್ಕ ಶಿಖೆಯವು ಬೇರೆ ಪ್ರಾಣಿಗಳಲ್ಲ, ಆ ದೊಡ್ಡವುಗಳ ಎಳೆಯವು ಅಂತ ತೋರಿಸಿದರು. ಹಾರುವ ಸರೀಸೃಪ ಟೆರಾನೊಡಾನ್‌ನಲ್ಲಿ ಕ್ರಿಸ್ಟೋಫರ್ ಬೆನೆಟ್ 1992ರಲ್ಲಿ ಇನ್ನೊಂದು ದಾರಿ ಹಿಡಿದರು. ಬಲಿತವುಗಳಲ್ಲೇ ಎರಡು ಗಾತ್ರ ಇದ್ದವು. ದೊಡ್ಡವಕ್ಕೆ ದೊಡ್ಡ ಶಿಖೆ, ಚಿಕ್ಕವಕ್ಕೆ ಚಿಕ್ಕ ಶಿಖೆ. ಚಿಕ್ಕವುಗಳ ಸೊಂಟದ ಮೂಳೆಯ ದಾರಿ ಮಾತ್ರ ಅಗಲ, ಮೊಟ್ಟೆ ಹಾದುಹೋಗಲು. ಹಾಗಾಗಿ ಅವು ಹೆಣ್ಣು. ಬೆನೆಟ್ ಶಿಖೆಯೊಂದನ್ನೇ ನಂಬಲಿಲ್ಲ, ಇನ್ನೊಂದು ಸ್ವತಂತ್ರ ಸಾಕ್ಷಿ ಹುಡುಕಿದರು. ನಮಗೂ ಬೇಕಾದದ್ದು ಅದೇ ಕ್ರಮ.

ನಿಮ್ಮ ಗಿನಿಕೋಳಿಗಳಿಗೆ ಅದನ್ನೇ ಅನ್ವಯಿಸೋಣ. ಮರಿಗಳಿಗೆ ತಲೆ ಮೇಲೆ ಪಟ್ಟೆಯ ತುಪ್ಪಳ ಮಾತ್ರ. ಮೊದಲ ಕೆಲವು ತಿಂಗಳಲ್ಲಿ ತುಪ್ಪಳ ಹೋಗಿ ಚರ್ಮ ಬರಿದಾಗುತ್ತದೆ, ನಡುವೆ ಸಣ್ಣ ಗುಬುಟು ಏಳುತ್ತದೆ, ಅದೇ ಬೆಳೆದು ಶಿಖೆ ಆಗುತ್ತದೆ. ಒಂದೇ ಸಲ ಮೊಟ್ಟೆಯೊಡೆದ ಮರಿಗಳಾದರೆ, ಬಲಿತ ಮೇಲೆ ಗಂಡಿನ ಶಿಖೆ ಸ್ವಲ್ಪ ಎತ್ತರ, ಸ್ವಲ್ಪ ದಪ್ಪ ಇರಬಹುದು. ಬೇರೆ ಬೇರೆ ವಯಸ್ಸಿನವು ಸೇರಿದ್ದರೆ ಆ ಹೋಲಿಕೆಗೆ ಅರ್ಥ ಇಲ್ಲ. ಪಟಗಳ ಜೊತೆ ಹೋಲಿಸುವಾಗಲೂ ಹುಷಾರು. ಪೂರ್ವ ಆಫ್ರಿಕಾದ ಕಾಡು ಗಿನಿಕೋಳಿಗಳಲ್ಲಿ ಕೆಲವಕ್ಕೆ ಶಿಖೆ ಬಹಳ ಎತ್ತರ. ಸಾಕು ಗಿನಿಕೋಳಿಗಳ ಮೂಲ ಪಶ್ಚಿಮ ಆಫ್ರಿಕಾದ್ದು, ಅವಕ್ಕೆ ಶಿಖೆ ಗಿಡ್ಡ. ಆ ಎತ್ತರದ ಪಟ ನೋಡಿ ನನ್ನ ಹತ್ತಿರ ಇರುವುದೆಲ್ಲ ಹೆಣ್ಣೇ ಅಂದುಕೊಳ್ಳಬೇಡಿ.

ಶಿಖೆ ಬಿಟ್ಟು ಜೋಲು ನೋಡಿ, ಅದಕ್ಕಿಂತ ಕೂಗು ಕೇಳಿ. ಕೆನ್ನೆಯಿಂದ ಇಳಿಬಿದ್ದ ಮಾಂಸದ ಜೋಲು ಗಂಡಿನಲ್ಲಿ ದೊಡ್ಡದು, ದಪ್ಪ, ಹೊರಕ್ಕೆ ಬಾಗಿರುತ್ತದೆ. ಹೆಣ್ಣಿನಲ್ಲಿ ಚಿಕ್ಕದು, ಕೆನ್ನೆಗೆ ಅಂಟಿದಂತೆ ಇರುತ್ತದೆ. 3-4 ತಿಂಗಳಿಗೆ ಇದು ತಿಳಿಯತೊಡಗುತ್ತದೆ. ಕೂಗಿನಲ್ಲಿ ಇನ್ನೂ ಖಚಿತ. ಎರಡು ತುಂಡಾಗಿ, ಎರಡನೆಯದು ಮೇಲಕ್ಕೆಳೆದಂತೆ ಕೂಗುವುದು ಹೆಣ್ಣು ಮಾತ್ರ. ಗಂಡಿನದು ಒಂದೇ ತುಂಡಿನ ಕೂಗು, ಅದನ್ನೇ ಮತ್ತೆ ಮತ್ತೆ ಕೂಗುತ್ತದೆ. ಒಂದು ಎಚ್ಚರಿಕೆ: ಗಾಬರಿಯಾದಾಗ ಹೆಣ್ಣೂ ಒಂದೇ ತುಂಡಿನಲ್ಲಿ ಕೂಗುತ್ತದೆ. ಹಾಗಾಗಿ ಎರಡು ತುಂಡಿನ ಕೂಗು ಕೇಳಿದರೆ ಅದು ಹೆಣ್ಣು ಅನ್ನುವುದು ಗ್ಯಾರಂಟಿ, ಒಂದು ತುಂಡಿನ ಕೂಗು ಕೇಳಿದ ಮಾತ್ರಕ್ಕೆ ಗಂಡು ಅಂತ ಬರೆದುಕೊಳ್ಳಬೇಡಿ. ಕಾಲಿಗೆ ಬಣ್ಣದ ಉಂಗುರ ಹಾಕಿ, ಸಂಜೆ ಗೂಡಿಗೆ ಸೇರುವ ಹೊತ್ತಲ್ಲಿ ಕೆಲವು ದಿನ ಕೂತು ಕೇಳಿದರೆ ಯಾವುದು ಯಾವುದು ಅಂತ ತಿಳಿಯುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ, ಅಥವಾ ಮೃಗಾಲಯದಲ್ಲಿ ಜೋಡಿ ಮಾಡಬೇಕಾದ ಬೆಲೆಬಾಳುವ ಹಕ್ಕಿಯಾದರೆ, ಡಿಎನ್‌ಎ ಪರೀಕ್ಷೆಯೇ ಸರಿ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಒಂದು ಹನಿ ರಕ್ತ ಅಥವಾ ಹೊಸದಾಗಿ ಕಿತ್ತ ಪುಕ್ಕದ ಬುಡ ಸಾಕು, ಡಬ್ಲ್ಯೂ ಇದೆಯಾ ಇಲ್ಲವಾ ಅಂತ ನೋಡುತ್ತಾರೆ. ಎಲ್ಲ ಜಾತಿಗೂ ಒಂದೇ ಪರೀಕ್ಷೆ ಹೊಂದುವುದಿಲ್ಲ. ಕ್ಯಾಸೊವರಿ, ಎಮು, ಉಷ್ಟ್ರಪಕ್ಷಿಗಳಲ್ಲಿ ಝಡ್ ಮತ್ತು ಡಬ್ಲ್ಯೂ ಒಂದಕ್ಕೊಂದು ಬಹಳ ಹೋಲುತ್ತವೆ, ಅವಕ್ಕೆ ಬೇರೆ ವಿಧಾನ ಬೇಕು. ಮಾದರಿ ಕಳಿಸುವಾಗ ಜಾತಿಯ ಹೆಸರನ್ನು ಸ್ಪಷ್ಟವಾಗಿ ಬರೆದು ಕಳಿಸಿ.